ಪ್ಲಗ್ಗಿಗೆ ನಾಮ ಹಾಕಿದ ದಿನ

ಕೋವಿಡ್ ಹಿಂದೆ ಸರಿದ ಮರುವರ್ಷ. ಕಾರ್ಖಾನೆ ನೌಕರಿಯಿಂದ ನಿವೃತ್ತನಾಗಿದ್ದ ನಾನು ಆಂಡರ್ಸನ್‌ಪೇಟೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಎಂಜಿನ್ ಪರೀಕ್ಷೆ ನೋಡಿಕೊಳ್ಳುತ್ತಿದ್ದೆ. ಪದನಾಮ ತಾಂತ್ರಿಕ ಸಲಹೆಗಾರ. ಅಂದರೆ ಏನೇ ಕೆಟ್ಟರೂ ಮೊದಲು ಬೈಸಿಕೊಳ್ಳುವ ಅಧಿಕಾರ ನನ್ನದು.

ಆಗ ಕೈಗೆ ಬಂದದ್ದು ಪ್ಲಾಸ್ಮಾ ಇಗ್ನಿಷನ್, ಎಂಜಿನ್ನಿನೊಳಗೆ ಗ್ಯಾಸ್ ಹೊತ್ತಿಸುವ ಹೊಸ ವಿಧಾನ. ಮಾಮೂಲಿ ಸ್ಪಾರ್ಕ್ ಪ್ಲಗ್ ಒಂದು ಕಿಡಿ ಹಾರಿಸಿ ಕೃತಾರ್ಥವಾಗುತ್ತದೆ. ಮಿಶ್ರಣದಲ್ಲಿ ಗ್ಯಾಸ್ ಕಡಿಮೆ, ಗಾಳಿ ಹೆಚ್ಚು ಇದ್ದರೆ ಆ ಕಿಡಿಗೆ ಅದು ಹತ್ತಿಕೊಳ್ಳುವುದಿಲ್ಲ. ಪ್ಲಾಸ್ಮಾದಲ್ಲಿ ಭಾರೀ ವೋಲ್ಟೇಜಿನ ಅತಿ ಚುಟುಕು ಹೊಡೆತಗಳು ಸಾಲಾಗಿ ಬೀಳುತ್ತವೆ. ಪ್ಲಗ್ಗಿನ ತುದಿಯ ಅನಿಲವೇ ವಿದ್ಯುತ್ ಕಣಗಳಾಗಿ ಒಡೆದು, ತೆಳು ಮಿಶ್ರಣವನ್ನೂ ಹೊತ್ತಿಸುತ್ತದೆ. ಬಂಗಾರಪೇಟೆಯಲ್ಲಿ ಶೈತ್ಯಾಗಾರ ನಡೆಸುವ ಕೃಷ್ಣಪ್ಪನವರು ಕೊಳೆತ ತರಕಾರಿಯ ಗ್ಯಾಸಿನಲ್ಲಿ ಜನರೇಟರ್ ಓಡಿಸಬೇಕೆಂದು ಅದನ್ನು ನೋಡಲು ಬಂದಿದ್ದರು.

ಫಿಟ್ಟರ್ ಮುನಿಯಪ್ಪ ತಿರುಪತಿ ತಿಮ್ಮಪ್ಪನ ಒಕ್ಕಲು. ಹೊಸ ಯಂತ್ರ ಪೂಜೆಯಿಲ್ಲದೆ ತಿರುಗಿದರೆ ಅವನಿಗೆ ನಿದ್ದೆ ಬಾರದು. ಬೆಳಿಗ್ಗೆ ನಿಂಬೆಹಣ್ಣು, ಕರ್ಪೂರ, ನಾಮ ಎಲ್ಲ ಶಾಸ್ತ್ರೋಕ್ತವಾಗಿ ಮುಗಿದಿತ್ತು.

ಎಂಜಿನ್ ಒಂದು ಕೋಣೆಯಲ್ಲಿ, ನಾವು ಗಾಜಿನ ಈಚೆ. ಸ್ಟಾರ್ಟ್ ಗುಂಡಿ ಒತ್ತಿದೆ. ಎಂಜಿನ್ ತಿರುಗಿತು, ಹತ್ತಲಿಲ್ಲ. ಮತ್ತೆ ಒತ್ತಿದೆ, ಅದೇ ಕಥೆ. ಮೂರನೆಯದಕ್ಕೆ ಕೈ ಹೋಗಲಿಲ್ಲ. ಉರಿಯದ ಗ್ಯಾಸು ಹೊಗೆಕೊಳವೆಯಲ್ಲಿ ತುಂಬಿರುತ್ತದೆ. ಇನ್ನೊಂದು ಕಿಡಿ ಹೋದರೆ ಸೈಲೆನ್ಸರ್ ಸಿಡಿಯಬಹುದು. ಗ್ಯಾಸ್ ಬಂದ್ ಮಾಡಿ, ಫ್ಯಾನ್ ಹಾಕಿಸಿದೆ.

"ವೈರ್ ಸಡ್ಲ ಆಗೈತೇನೋ, ಓಗಿ ನೋಡ್ಕಂಡ್ ಬತ್ತೀನಿ ಸಾ," ಎನ್ನುತ್ತ ಮುನಿಯಪ್ಪ ಒಳಗೆ ಹೋಗಿಯೇಬಿಟ್ಟ. "ತಡಿಯೋ!" ಎಂದದ್ದು ಫ್ಯಾನಿನ ಸದ್ದಿನಲ್ಲಿ ಕರಗಿತು. ಕೀಲಿ ಕಿತ್ತರೆ ಸ್ಟಾರ್ಟ್ ಗುಂಡಿ ಸತ್ತಂತೆ, ಆದರೆ ಅದಿನ್ನೂ ಬೋರ್ಡಿನಲ್ಲೇ ಇತ್ತು. ಅವನು ಬಗ್ಗಿದ, ಬೆರಳು ಪ್ಲಗ್ಗಿಗೆ ಗೇಣುದೂರ.

"ಇದೇನ್ ಸ್ವಾಮಿ, ಮದ್ವೆ ಗಂಡು ಮುನಿಸ್ಕಂಡಂಗೆ! ಇನ್ನೊಂದ್ ಕಿತ ಒತ್ತಾನ ಇರಿ," ಎಂದು ಪಕ್ಕದಲ್ಲಿ ಬೋರ್ಡನ್ನೇ ನೋಡುತ್ತಿದ್ದ ಕೃಷ್ಣಪ್ಪನವರು ಗುಂಡಿಗೆ ಕೈ ಹಾಕಿದರು.

ಆ ಗುಂಡಿ ಎಂಜಿನ್ನನ್ನೂ ತಿರುಗಿಸುತ್ತದೆ, ಪ್ಲಗ್ಗಿಗೂ ವೋಲ್ಟೇಜು ಕಳಿಸುತ್ತದೆ. ಅವರ ಮಣಿಕಟ್ಟು ಹಿಡಿದು ಎಳೆದೆ. ಇನ್ನೊಂದು ಕೈ ತುರ್ತು ಸ್ವಿಚ್ಚಿಗೆ ಬಡಿಯಿತು. ದೀಪಗಳೆಲ್ಲ ಆರಿದವು. ಗಾಜಿನಾಚೆ ಮುನಿಯಪ್ಪ ತಲೆಯೆತ್ತಿ, "ಕರೆಂಟ್ ಓಯ್ತಾ ಸಾ?" ಎಂದ.

"ಕರೆಂಟಲ್ಲ ಮಾರಾಯ, ನೀನು ಹೋಗ್ತಿದ್ದೆ. ಬಾ ಈಚೆ!"

ಕೃಷ್ಣಪ್ಪನವರು ಕುರ್ಚಿಯಲ್ಲಿ ಕುಸಿದರು. ಸಲಹೆಗಾರರಿಗೆ ಅದು ಶೋಭಿಸದಿದ್ದರೂ ಪಕ್ಕದಲ್ಲೇ ನಾನೂ ಕೂತೆ.

ಕೊಳವೆಯೆಲ್ಲ ಗಾಳಿಯಾಡಿದ ಮೇಲೆ, ಎಲ್ಲರೂ ಈಚೆ ಇದ್ದಾಗ, ಗ್ಯಾಸಿಲ್ಲದೆ ಪ್ಲಗ್ಗಿಗೆ ಒಂದೇ ಹೊಡೆತ ಕೊಟ್ಟೆ. ಕತ್ತಲ ಕೋಣೆಯಲ್ಲಿ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ, ಮೇಲಿಂದ ಕೆಳಗೆ, ನೀಲಿ ಗೆರೆಯೊಂದು ಹರಿಯಿತು. ಮುನಿಯಪ್ಪ ಬೆಳಿಗ್ಗೆ ಎಳೆದ ಒದ್ದೆ ನಾಮ! ವೋಲ್ಟೇಜು ಸಿಲಿಂಡರಿಗೆ ಇಳಿಯುವ ಬದಲು ಆ ಹಸಿ ಗೆರೆ ಹಿಡಿದು ಹೊರಗಿಂದಲೇ ಎಂಜಿನ್ ಮೈಗೆ ಜಾರಿಹೋಗುತ್ತಿತ್ತು.

"ಗೋವಿಂದಾ!" ಎಂದು ಮುನಿಯಪ್ಪ ಕೆನ್ನೆ ಬಡಿದುಕೊಂಡ.

ಅಡ್ಡಕ್ಕೆ ವಿಭೂತಿ ಬಳಿದಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಶೈವ–ವೈಷ್ಣವ ವಾದದಲ್ಲಿ ನಾನಂತೂ ಪಕ್ಷ ವಹಿಸುವುದಿಲ್ಲ. ಅಂದು ವಿದ್ಯುತ್ತು ವಹಿಸಿತು. ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿಸಿ ಒತ್ತಿದೆವು. ತೆಳು ಮಿಶ್ರಣದಲ್ಲೇ ಎಂಜಿನ್ ಹದವಾಗಿ ಓಡಿತು.

ಪೂಜೆ ನಿಲ್ಲಿಸಲಿಲ್ಲ. ನಾಮದ ಜಾಗ ಎಂಜಿನ್ನಿನ ಪೀಠಕ್ಕೆ ಬದಲಾಯಿತು. ಹೊಸದಾಗಿ ಒಂದೇ ನಿಯಮ: ಯಾರು ಒಳಗೆ ಹೋಗುತ್ತಾರೋ ಕೀಲಿ ಅವರ ಹತ್ತಿರ. ಮುನಿಯಪ್ಪ ಅದನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡೇ ಹೋಗುತ್ತಿದ್ದ.

ಮುಂದೆ ಬಂಗಾರಪೇಟೆಯಲ್ಲಿ ಜನರೇಟರ್ ಕೂರಿಸಿದಾಗ ಏನೋ ಸದ್ದು ಕೇಳಿ ಒಳಗೆ ಕಾಲಿಟ್ಟೆ. ಕೃಷ್ಣಪ್ಪನವರು ಹಿಂದಿನಿಂದ ನನ್ನ ರಟ್ಟೆ ಹಿಡಿದು ನಿಲ್ಲಿಸಿ, ಬೋರ್ಡಿನ ಕೀಲಿ ಕಿತ್ತು ನನ್ನ ಜೇಬಿಗೆ ಹಾಕಿದರು.

"ಈಗ ಓಗಿ ಸ್ವಾಮಿ. ನಿಮ್ಮ್ ಜೀವ ನಿಮ್ಮ್ ಜೇಬ್ನಾಗೇ ಇರ್ಲಿ."

ನಲವತ್ತು ವರ್ಷದ ವೃತ್ತಿ ಕಲಿಸಿದ್ದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನ್ನಿಂದಾಗದು.