ಮೂರನೇ ಮೆಟ್ಟಿಲಿನ ಮಹನೀಯರು

ನಮ್ಮ ಅತ್ತೆಯವರಿಗೆ ಪ್ರತಿ ನವರಾತ್ರಿಗೂ ಬೊಂಬೆ ಕೂರಿಸಲು ಒಂದು ಹೊಸ ವಿಷಯ ಬೇಕು. ಒಂದು ವರ್ಷ ಮದುವೆಮನೆ, ಒಂದು ವರ್ಷ ಮೃಗಾಲಯ, ಇನ್ನೊಂದು ವರ್ಷ ಮಂಡಕಳ್ಳಿಯ ವಿಮಾನ ನಿಲ್ದಾಣ. ಆ ಸಲ ಬೇರೆಲ್ಲೂ ಜಾಗವಿಲ್ಲದೆ ಬೆಣ್ಣೆಕೃಷ್ಣ ರನ್‌ವೇ ಮೇಲೆಯೇ ಅಂಬೆಗಾಲಿಡುತ್ತಿದ್ದ. ಹೋದ ವರ್ಷ ಹಬ್ಬಕ್ಕೆ ಇನ್ನೂ ವಾರವಿದೆ ಅನ್ನುವಾಗ ಅವರು ಕಾಫಿ ಲೋಟ ಕೆಳಗಿಟ್ಟು, “ಈ ಸಲ ದೇಶದ ದೊಡ್ಡೋರನ್ನೆಲ್ಲ ಕೂರಿಸ್ಬಿಡೋಣ ಕಣೆ,” ಅಂದರು.

ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ಮೃಗಾಲಯದ ವರ್ಷ ಜಿರಾಫೆಯ ಕುತ್ತಿಗೆ ಕಾಪಾಡುವುದರಲ್ಲೇ ನನಗೆ ಸಾಕಾಗಿತ್ತು. ದೊಡ್ಡವರಾದರೆ ತಮ್ಮ ಪಾಡಿಗೆ ತಾವು ಕೂತಿರುತ್ತಾರೆ ಅಂದುಕೊಂಡೆ.

ಆದರೆ ದೊಡ್ಡವರು ಪೇಟೆಯಲ್ಲಿ ಸಲೀಸಾಗಿ ಸಿಗುವುದಿಲ್ಲ. ಅಚ್ಚಿನಲ್ಲಿ ಬರುವವರು ಐದಾರು ಮಂದಿ ಮಾತ್ರ. ಉಳಿದವರನ್ನು ನಾವೇ ಮಾಡಿಕೊಳ್ಳಬೇಕಾಯಿತು. ಸಂತರಿಗೆ ತೊಂದರೆಯಿರಲಿಲ್ಲ, ಹತ್ತಿಯ ಗಡ್ಡ ಅಂಟಿಸಿದರೆ ಯಾರಾದರೂ ಸಂತರೇ. ವೀಣೆ ನುಡಿಸುವಾಕೆ ಅಟ್ಟದ ಪೆಟ್ಟಿಗೆಯಲ್ಲೇ ಇದ್ದಳು. ದೇಶದ ಮಹಾ ಗಣಿತಜ್ಞನಿಗೆ ಮಾತ್ರ ತಕ್ಕ ಬೊಂಬೆ ಸಿಗದೆ, ದಿನಸಿ ಅಂಗಡಿ ಇಟ್ಟುಕೊಂಡು ಕೂತ ಶೆಟ್ಟರ ಬೊಂಬೆಯ ಮುಂದಿಂದ ತಕ್ಕಡಿ ತೆಗೆದು, ತೊಡೆಯ ಮೇಲೆ ಪುಟ್ಟ ಸ್ಲೇಟು ಇಟ್ಟು, ತಂತಿಯ ಕನ್ನಡಕ ಹಾಕಿದೆ. ಹೊಟ್ಟೆಗೆ ಏನೂ ಮಾಡಲಾಗಲಿಲ್ಲ.

ಯಾರನ್ನು ಎಲ್ಲಿ ಕೂರಿಸುವುದು ಎಂಬುದನ್ನು ನಿರ್ಧರಿಸಲು ಚಿಕ್ಕಮಾವ ಬಂದರು. ಅವರು ನಮ್ಮ ಮಾವನವರ ತಮ್ಮ, ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ನಮ್ಮ ಅಗ್ರಹಾರದಲ್ಲೇ ಎರಡು ಬೀದಿ ಆಚೆ ಮನೆ. ನಡುಮನೆಯಲ್ಲಿ ಟ್ರಂಕು, ಬೆಂಚು, ಹಲಗೆಗಳನ್ನು ಜೋಡಿಸಿ ಬಿಳಿ ಪಂಚೆ ಹೊದಿಸಿದ್ದ ಏಳು ಮೆಟ್ಟಿಲುಗಳ ಮುಂದೆ ಕುರ್ಚಿ ಹಾಕಿಕೊಂಡು ಕೂತು ಅಪ್ಪಣೆ ಕೊಡಿಸಿದರು.

“ಇತಿಹಾಸಕ್ಕೆ ಒಂದು ಕ್ರಮ ಅಂತ ಇದೆ ಅತ್ತಿಗೆ. ಎಲ್ಲಕ್ಕಿಂತ ಮೇಲೆ ಸಾಮ್ರಾಜ್ಯ ಕಟ್ಟಿದ ಚಕ್ರವರ್ತಿ. ಆಮೇಲೆ ಸ್ವಾತಂತ್ರ್ಯ ತಂದವರು, ಸಂತರು, ಕವಿಗಳು. ಹಾಡೋರು, ಲೆಕ್ಕ ಮಾಡೋರು, ಆಟ ಆಡೋರು ಎಲ್ಲ ಕೆಳಗೆ.”

“ಮೇಲಿನ ಮೆಟ್ಟಿಲು ಪಟ್ಟದ ಬೊಂಬೆಗಳದ್ದು,” ಅಂದರು ಅತ್ತೆ. ಪಟ್ಟದ ಬೊಂಬೆ ಅಂದರೆ ಮದುವೆಯಲ್ಲಿ ತವರಿನವರು ಕೊಟ್ಟ ಮರದ ರಾಜ ರಾಣಿ.

“ಈ ಮರದ ಗಂಡ ಹೆಂಡತಿ ದೇಶಕ್ಕೆ ಏನು ಮಾಡಿದಾರೆ ಹೇಳಿ?”

“ನೀನೇನು ಮಾಡಿದೀಯಪ್ಪ?”

ಚಕ್ರವರ್ತಿ ಎರಡನೇ ಸ್ಥಾನಕ್ಕೆ ಇಳಿದ. ಅತ್ತೆ ಅಷ್ಟಕ್ಕೇ ನಿಲ್ಲಿಸಲಿಲ್ಲ. “ಗ್ಯಾಸ್ ಒಲೆ ಕಂಡುಹಿಡಿದೋನು ಯಾರೋ ಏನೋ. ಅವನ ಬೊಂಬೆ ಸಿಕ್ಕಿದ್ದಿದ್ರೆ ಚಕ್ರವರ್ತೀನ ಇನ್ನೂ ಒಂದು ಮೆಟ್ಟಿಲು ಇಳಿಸ್ತಿದ್ದೆ.”

“ಅವನು ನಮ್ಮ ದೇಶದೋನಲ್ಲ ಅತ್ತಿಗೆ.”

“ಬೆಂದಿದ್ದು ನಮ್ಮ ಅನ್ನ ತಾನೆ?”

ಅಷ್ಟರಲ್ಲಿ ಎದುರುಮನೆಯಾಕೆ ಬಂದರು. ಅವರು ನಜರ್‌ಬಾದಿನ ಶಾಲೆಯೊಂದರಲ್ಲಿ ವರ್ಷಾನುಗಟ್ಟಲೆ ಆಟದ ಟೀಚರಾಗಿದ್ದವರು. ಈಗಲೂ ಅವರು ಮಾತಾಡಿದರೆ ಸೀಟಿ ಊದಿದ ಹಾಗಿರುತ್ತದೆ. ದೇಶಕ್ಕೆ ಪದಕ ತಂದ ಓಟಗಾರ್ತಿಯ ಬೊಂಬೆಯನ್ನು ತಾವೇ ಬಣ್ಣ ಹಚ್ಚಿ ತಂದಿದ್ದರು. ಅವಳು ನೆಲಕ್ಕಂಟಿದ ಮೊದಲ ಮೆಟ್ಟಿಲಿನಲ್ಲಿ ನಿಂತದ್ದು ನೋಡಿ ಅವರಿಗೆ ತಡೆಯಲಾಗಲಿಲ್ಲ.

“ಏನ್ ಸಾರ್, ಇವಳನ್ನ ತಂದು ಕಾಲಡೀಲಿ ನಿಲ್ಲಿಸ್ಬುಟ್ರಲ್ಲ! ನಿಮ್ಮ ರಾಜ ಹೋಗಿದ್ದು ಕುದುರೆ ಮೇಲೆ. ಇವಳು ಓಡಿದ್ದು ಸ್ವಂತ ಕಾಲಲ್ಲಿ.”

“ಓಟ ಎಷ್ಟು ಹೊತ್ತಿನದಮ್ಮ? ಸಾಮ್ರಾಜ್ಯ ತಲೆಮಾರುಗಟ್ಟಲೆ ಇತ್ತು.”

“ಈಗೆಲ್ಲಿದೆ ಸಾರ್?”

ಚಿಕ್ಕಮಾವನಿಗೆ ತರಗತಿಯಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲವೆಂದು ಕಾಣುತ್ತದೆ. ಮೀಸೆ ಸವರಿಕೊಂಡು, “ಜನರೇ ತೀರ್ಮಾನ ಮಾಡಲಿ,” ಅಂದರು. ಸಂಜೆ ಬೊಂಬೆ ನೋಡಲು ಬರುವವರ ಕೈಗೆ ಒಂದೊಂದು ಸೇವಂತಿಗೆ ಕೊಡುವುದು, ತಮಗೆ ಯಾರು ಎಲ್ಲರಿಗಿಂತ ದೊಡ್ಡವರು ಅನ್ನಿಸುತ್ತದೋ ಅವರ ಮುಂದೆ ಅವರು ಹೂವಿಡುವುದು. ಚಕ್ರವರ್ತಿ ಗೆದ್ದೇ ಗೆಲ್ಲುತ್ತಾನೆಂದು ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮೊದಲ ದಿನ ಸಂಜೆ ಬೀದಿಯ ಹೆಂಗಸರೆಲ್ಲ ಬಂದು, ಆರತಿ ಮಾಡಿ, ಹಾಡು ಹೇಳಿ, ಕಡಲೆಕಾಳು ಉಸಲಿ ತಿಂದು, ಹೂವಿಟ್ಟು ಹೋದರು. ಆಮೇಲೆ ನೋಡಿದರೆ ಚಕ್ರವರ್ತಿಯ ಮುಂದೆ ಒಂದೇ ಒಂದು ಹೂವು, ಅದೂ ಚಿಕ್ಕಮಾವನದು. ಓಟಗಾರ್ತಿಗೂ ಒಂದೇ. ನೆಲದಿಂದ ಮೂರನೇ ಮೆಟ್ಟಿಲಿನಲ್ಲಿದ್ದ ವೀಣೆಯವಳೂ ನನ್ನ ಶೆಟ್ಟರ ಗಣಿತಜ್ಞನೂ ಮಾತ್ರ ಕುತ್ತಿಗೆಯವರೆಗೆ ಹೂವಿನಲ್ಲಿ ಮುಳುಗಿದ್ದರು.

“ಜನಕ್ಕೆ ಇತಿಹಾಸ ಪ್ರಜ್ಞೆಯೇ ಇಲ್ಲ,” ಎಂದು ಚಿಕ್ಕಮಾವ ನಿಟ್ಟುಸಿರುಬಿಟ್ಟರು.

“ಪ್ರಜ್ಞೆ ಇದೆ ಕಣಪ್ಪ, ಸೊಂಟ ಇಲ್ಲ,” ಅಂದರು ಅತ್ತೆ. “ಬಂದವರೆಲ್ಲ ನನ್ನ ವಯಸ್ಸಿನೋರು. ಕೆಳಗೆ ಬಗ್ಗಕ್ಕಾಗಲ್ಲ, ಮೇಲೆ ಕೈ ಎಟುಕಲ್ಲ. ಎಲ್ಲಿ ಕೈ ಹೋಗತ್ತೋ ಅಲ್ಲಿಟ್ಟರು.”

ಈ ಮಾತನ್ನು ಚಿಕ್ಕಮಾವನೂ ಕೇಳಿಸಿಕೊಂಡರು, ಎದುರುಮನೆಯಾಕೆಯೂ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ನಾನು ದೀಪ ಹಚ್ಚಲು ಹೋದಾಗ ಚಿಕ್ಕಮಾವ ಸ್ಟೂಲಿನ ಮೇಲೆ ನಿಂತಿದ್ದರು. ಕಂಕುಳಲ್ಲಿ ಚಕ್ರವರ್ತಿ.

“ಮೇಲೆ ಧೂಳು ಜಾಸ್ತಿ ಕಣಮ್ಮ,” ಅಂದವರೇ ಅವನನ್ನು ಮೂರನೇ ಮೆಟ್ಟಿಲಿಗೆ ತಂದು, ವೀಣೆಯವಳನ್ನು ಒತ್ತರಿಸಿ ಕೂರಿಸಿದರು. ಜೀವಮಾನವಿಡೀ ಯಾರನ್ನು ಎತ್ತರದಲ್ಲಿಟ್ಟು ಪಾಠ ಹೇಳಿದ್ದರೋ ಅವನನ್ನು ಹೂವಿನ ಆಸೆಗೆ ತಾವೇ ಇಳಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಓಟಗಾರ್ತಿ ಎರಡು ಮೆಟ್ಟಿಲು ಹತ್ತಿ ಚಕ್ರವರ್ತಿಯ ಎಡಕ್ಕೆ ನಿಂತಿದ್ದಳು. ಸಂಜೆ ಬಂದವರಿಗೂ ವಿಷಯ ಗೊತ್ತಾಗಿತ್ತು. ಒಬ್ಬರು ತಮ್ಮ ಇಷ್ಟದ ಸಂತರನ್ನು ಕೆಳಗಿಳಿಸಿದರು, ಇನ್ನೊಬ್ಬರು ಕವಿಯನ್ನು. ನಾನೂ ಸುಮ್ಮನಿರಲಿಲ್ಲ, ವೀಣೆಯವಳನ್ನು ಮತ್ತೆ ನಡುಮಧ್ಯಕ್ಕೆ ಎಳೆದೆ. ಎರಡೇ ದಿನದಲ್ಲಿ, ಪಟ್ಟದ ಬೊಂಬೆಗಳನ್ನು ಬಿಟ್ಟರೆ, ಮೇಲಿನ ಮೆಟ್ಟಿಲುಗಳೆಲ್ಲ ಬಣಗುಟ್ಟತೊಡಗಿದವು. ದೇಶದ ಮಹನೀಯರೆಲ್ಲ ಮೂರನೆಯದರಲ್ಲಿ ಸಿಟಿ ಬಸ್ಸಿನಲ್ಲಿ ನಿಂತ ಹಾಗೆ ಒಬ್ಬರಿಗೊಬ್ಬರು ಭುಜ ತಗುಲಿಸಿಕೊಂಡು ನಿಂತಿದ್ದರು.

ಮೂರನೇ ಮೆಟ್ಟಿಲು ಒಂದು ಹಳೆಯ ಹಲಗೆ. ಒಂದು ಕಡೆ ಬೆಂಚು, ಇನ್ನೊಂದು ಕಡೆ ಇಟ್ಟಿಗೆಗಳು ಅದನ್ನು ಹೊತ್ತಿದ್ದವು. ಮಾರನೆಯ ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ನಡುಮನೆಯಿಂದ ದಡಾರನೆ ಸದ್ದಾಯಿತು. ಓಡಿ ಹೋದೆ. ಹಲಗೆ ವಾಲಿತ್ತು. ಸಂತರು ಕವಿಗಳೆಲ್ಲ ನೆಲದ ಮೇಲೆ ಉರುಳಾಡುತ್ತಿದ್ದರು. ಓಟಗಾರ್ತಿಯ ಕಾಲಿಗೆ ಏನೂ ಆಗಿರಲಿಲ್ಲ, ಪದಕ ಮಾತ್ರ ಹೋಗಿತ್ತು. ಚಕ್ರವರ್ತಿಯ ಮೈ ಪುಡಿಪುಡಿ, ತಲೆ ಭದ್ರ. ಗಣಿತಜ್ಞನ ತಲೆ ಪುಡಿಪುಡಿ, ಮೈ ಭದ್ರ.

ಸುದ್ದಿ ಕೇಳಿ ಚಿಕ್ಕಮಾವ ಊಟದ ಕೈಯಲ್ಲೇ ಬಂದರು. ಎದುರುಮನೆಯಾಕೆ ಅಂಟಿನ ಟ್ಯೂಬು ಹಿಡಿದು ಬಂದರು. ಅಷ್ಟು ದಿನ ಮುಖ ಕೊಟ್ಟು ಮಾತಾಡದವರು ಎದುರುಬದುರು ನೆಲದ ಮೇಲೆ ಕೂತು, ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವವರಂತೆ, “ಕೈ ಕೊಡಮ್ಮ,” “ಮೂಗು ಎಲ್ಲೋಯ್ತು ಸಾರ್?” ಎಂದು ಕೆಲಸ ಶುರುಮಾಡಿದರು. ದೀಪ ಹಚ್ಚುವ ಹೊತ್ತು ಹತ್ತಿರವಾಗುತ್ತಿತ್ತು. ಕೊನೆಗೆ ಉಳಿದದ್ದು ಒಂದು ತಲೆ, ಒಂದು ಮೈ. ಎದುರುಮನೆಯಾಕೆ ಕೇಳುವ ಗೊಡವೆಗೇ ಹೋಗದೆ ಎರಡನ್ನೂ ಸೇರಿಸಿ ಅಂಟಿಸಿಬಿಟ್ಟರು.

“ಅಯ್ಯಯ್ಯೋ, ಏನ್ ಮಾಡಿದಿರಿ!”

“ಇನ್ನೇನ್ ಸಾರ್ ಮಾಡ್ಲಿ? ರುಂಡ ಇಟ್ಟು ಆರತಿ ಎತ್ತಕ್ಕಾಗತ್ತಾ?”

ಹೀಗೆ ಕಿರೀಟ, ಹುರಿಮೀಸೆ, ಕೆಂಗಣ್ಣು, ಅದರ ಕೆಳಗೆ ಬೊಜ್ಜು ಹೊಟ್ಟೆ, ತೊಡೆಯ ಮೇಲೆ ಸ್ಲೇಟು ಇರುವ ಒಬ್ಬ ಮಹಾಪುರುಷ ನಮ್ಮ ಮನೆಯಲ್ಲಿ ಉದಯಿಸಿದ.

ಆ ಸಂಜೆ ಮೊದಲು ಬಂದವರು ನಮ್ಮ ಬೀದಿಯ ನಿವೃತ್ತ ತಹಸೀಲ್ದಾರರು, ಹೆಂಡತಿಯೊಡನೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಜಮೀನು ಪರಿಶೀಲಿಸುವಂತೆ ಎಲ್ಲರನ್ನೂ ನೋಡುತ್ತ ಬಂದು ಅವನ ಮುಂದೆ ನಿಂತರು.

“ಇವರ್ಯಾರು?”

ನಾನು ಚಿಕ್ಕಮಾವನ ಮುಖ ನೋಡಿದೆ. ತಾರೀಖು ಒಂದು ದಿನ ತಪ್ಪಿದರೂ ಅಂಕ ಕಳೆಯುತ್ತಿದ್ದ ಮೇಷ್ಟರು ಅವರು. ಒಂದು ಸಲ ಕೆಮ್ಮಿ, “ಇವರು... ಲೆಕ್ಕದ ದೊರೆ ಅಂತ,” ಅಂದರು. “ಸಿಂಹಾಸನದ ಮೇಲೆ ಕೂತೇ ಲೆಕ್ಕ ಬಿಡಿಸ್ತಿದ್ದವರು. ಯುದ್ಧಕ್ಕೆ ಬಂದ ಶತ್ರುವಿಗೆ ಒಂದು ಲೆಕ್ಕ ಕೊಟ್ಟರಂತೆ. ಬಿಡಿಸಕ್ಕಾಗದೆ ಅವನು ಸೈನ್ಯ ವಾಪಸ್ ಕರ್ಕೊಂಡು ಹೋದ.”

ಒಳಗಿನಿಂದ ಅತ್ತೆಯವರು ಉಸಲಿಯ ಸೌಟನ್ನು ಬೀಳಿಸಿದ ಸದ್ದು ಕೇಳಿಸಿತು.

“ಹೌದೌದು,” ಎಂದು ತಹಸೀಲ್ದಾರರು ಗಂಭೀರವಾಗಿ ತಲೆಯಾಡಿಸಿದರು. “ಓದಿದೀನಿ. ನಮ್ಮ ಕಡೆಯೋರೇ ಅಲ್ವೆ?” ಎಂದು ತಮ್ಮ ಹೂವನ್ನೂ ಹೆಂಡತಿಯ ಹೂವನ್ನೂ ಸೇರಿಸಿ ಅವನ ಮುಂದಿಟ್ಟರು. ಹಿಂದೆ ಬಂದವರೆಲ್ಲ ತಹಸೀಲ್ದಾರರೇ ಇಟ್ಟಿದ್ದಾರೆಂದು ಅಲ್ಲೇ ಇಟ್ಟರು.

ಹಬ್ಬ ಮುಗಿಯಿತು, ಬೊಂಬೆಗಳು ಪೆಟ್ಟಿಗೆ ಸೇರಿದವು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ನವೆಂಬರ್ ಹತ್ತಿರವಾದಾಗ ತಹಸೀಲ್ದಾರರು ಚಿಕ್ಕಮಾವನಿಗೆ ಫೋನ್ ಮಾಡಿ, ತಮ್ಮ ಸಂಘದ ರಾಜ್ಯೋತ್ಸವದಲ್ಲಿ ಲೆಕ್ಕದ ದೊರೆಯ ಬಗ್ಗೆ ಭಾಷಣ ಮಾಡಬೇಕೆಂದು ಕೇಳಿದರು. ಚಿಕ್ಕಮಾವ ಬೆವರಿಳಿಸಿಕೊಂಡು ನಮ್ಮ ಮನೆಗೆ ಬಂದರು. ನಿಜ ಹೇಳಿಬಿಡಿ ಎಂದು ನಾನೇ ಹೇಳಿದೆ. ನಮ್ಮ ಜಗಲಿಯ ಮೇಲೆ ಕೂತೇ ಫೋನ್ ಮಾಡಿ, ಅಂಥವರು ಯಾರೂ ಇರಲಿಲ್ಲ, ಅದು ಒಡೆದ ಬೊಂಬೆ ಎಂದು ವಿವರಿಸಿದರು. ಆ ಕಡೆಯ ದನಿ ನಮಗೂ ಕೇಳುವಷ್ಟು ಏರಿತು.

“ದೊಡ್ಡೋರನ್ನ ಇಲ್ಲ ಅನ್ನೋದು ನಿಮ್ಮಂಥ ಓದಿದೋರಿಗೆ ಒಂದು ಚಾಳಿಯಾಗಿದೆ ಕಣ್ರೀ! ನೀವು ಬರೋದೇ ಬೇಡ. ನಾನೇ ಮಾತಾಡ್ತೀನಿ.”

ಚಿಕ್ಕಮಾವ ಫೋನ್ ಕೆಳಗಿಟ್ಟು ಅತ್ತೆಯ ಕಡೆ ನೋಡಿದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಕಣ್ಣಲ್ಲಿ ನೀರು ಬರುವವರೆಗೆ ನಾವು ಮೂವರೂ ನಕ್ಕೆವು.

ಆ ಕಾರ್ಯಕ್ರಮಕ್ಕೆ ನಾವೂ ಹೋದೆವು. ಚಿಕ್ಕಮಾವ, ಎದುರುಮನೆಯಾಕೆ, ನಾನು ಹಿಂದಿನ ಸಾಲಿನಲ್ಲಿ ಕೂತೆವು. ತಹಸೀಲ್ದಾರರು ಮೈಕ್ ಬಿಡಲೇ ಇಲ್ಲ. ದೊರೆಗೆ ಒಬ್ಬ ಧರ್ಮಪತ್ನಿ ಸಿಕ್ಕಿದ್ದಳು. ಸೂತ್ರ ಹಾಕಿ ಕಟ್ಟಿಸಿದ ಒಂದು ಕೆರೆಯೂ ಸಿಕ್ಕಿತ್ತು, ಎಂಥ ಬೇಸಿಗೆಗೂ ಅದು ಬತ್ತುತ್ತಿರಲಿಲ್ಲವಂತೆ. ಜನ ಮೈಮರೆತು ಕೇಳಿದರು. ಚಪ್ಪಾಳೆ ಬಿದ್ದಾಗ ಎಲ್ಲರಿಗಿಂತ ಜೋರಾಗಿ ತಟ್ಟಿದವರು ಚಿಕ್ಕಮಾವ. ಆಮೇಲೆ ನನ್ನ ಕಡೆ ಬಾಗಿ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಪಿಸುಗುಟ್ಟಿದರು:

“ಛೆ, ಕೆರೆ ಕಟ್ಟಿಸಬಹುದು ಅಂತ ನನಗೆ ಹೊಳೀಲೇ ಇಲ್ವಲ್ಲಮ್ಮ.”