ಮುಗಿಸು ಒತ್ತದೆ ಎದ್ದವರು

ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು. ನೀರು ಕಾಯಿಸುವ ಕೆಟಲ್‌ಗೂ ಅದೇ, ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪಿಗೂ ಅದೇ. ವೈರು ಕಿತ್ತರೆ ಲ್ಯಾಪ್‌ಟಾಪು ಅಲ್ಲೇ ಕಣ್ಣು ಮುಚ್ಚುತ್ತಿತ್ತು. ಹಾಗಾಗಿ ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ, ಮಾವ ನಿದ್ದೆಯಿಂದ ಎದ್ದು ಕಾಫಿ ಕೇಳುವ ಮೊದಲು ಸಿಗುವ ಹೊತ್ತಷ್ಟೇ ಸೊಸೆಯ ಪಾಲಿಗೆ. ಮಗು ಹುಟ್ಟಿದಾಗ ಬಿಟ್ಟ ಕೆಲಸಕ್ಕೆ ಮತ್ತೆ ಸೇರಬೇಕೆಂದು ಅವಳು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು.

ಟೀಚರ್ ಕೊಟ್ಟ ಪಾಠ ಚಿಕ್ಕದು. ಪ್ರೋಗ್ರಾಂ ತೆರೆದವರ ಹೆಸರು, ಪಾಸ್‌ವರ್ಡ್ ಕೇಳಬೇಕು. ಹೊಸಬರನ್ನು ಸೇರಿಸಿಕೊಳ್ಳಬೇಕು, ಹಳಬರ ಗುರುತು ಹಿಡಿಯಬೇಕು. ಹಳಬರಿಗೆಂದು ಅವಳು ‘ಮತ್ತೆ ಬಂದಿರಾ, ಬನ್ನಿ ಬನ್ನಿ’ ಎಂಬ ಸಾಲನ್ನೂ ಬರೆದಿದ್ದಳು. ಆದರೆ ಮುಚ್ಚಿದ ಕೂಡಲೇ ಪ್ರೋಗ್ರಾಂ ಎಲ್ಲರನ್ನೂ ಮರೆಯುತ್ತಿತ್ತು. ಮಾರನೆಯ ದಿನ ಅದೇ ಹೆಸರು ಕೊಟ್ಟರೂ ಮತ್ತೆ ‘ನೀವು ಯಾರು?’

ಪರೀಕ್ಷೆ ಮಾಡಿ ನೋಡಲು ಸಿಕ್ಕವರು ಅತ್ತೆಯೊಬ್ಬರೇ. ಹುರಳಿಕಾಯಿ ನಾರು ತೆಗೆಯುವುದನ್ನು ಅರ್ಧಕ್ಕೆ ಬಿಟ್ಟು, ಕೈ ಒರೆಸಿಕೊಂಡು ಬಂದು, ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಒತ್ತುತ್ತಿದ್ದರು.

“ನಿನ್ನೆ ತಾನೇ ಹೇಳಿದ್ನಲ್ಲೇ. ಮತ್ತೆ ಯಾರು ಅನ್ನುತ್ತಲ್ಲ,” ಎಂದರು ಒಂದು ದಿನ. “ಇದಕ್ಕಿಂತ ನಿಮ್ಮ ಮಾವನೇ ವಾಸಿ. ಹೆಸರು ಮರೆತಿದ್ರೂ ಮುಖ ನೆನಪಿದೆ.”

“ಯಾವ ಹೆಸರು ಹಾಕಿದ್ರಿ ಅತ್ತೆ?” ಸೊಸೆ ಸಿಂಕಿನ ಹತ್ತಿರದಿಂದ ಕೇಳಿದಳು.

“ಮದುವೆಗೆ ಮುಂಚೆ ಗುಂಡಿ ಹೊಲಿಯೋ ಕಾರ್ಖಾನೆಗೆ ಹೋಗ್ತಿದ್ನಲ್ಲ, ಅಲ್ಲಿ ಹುಡುಗಿಯರು ನನಗೊಂದು ಹೆಸರಿಟ್ಟಿದ್ರು. ಅದು.”

“ಏನಂತ?”

ಅತ್ತೆ ಪರದೆಗೆ ಅಂಗೈ ಅಡ್ಡ ಹಿಡಿದು ನಕ್ಕರು. “ನಿನ್ನ ಡಬ್ಬಿ ನನ್ನ ಗುರುತು ಹಿಡಿದು ಬನ್ನಿ ಅನ್ನಲಿ, ಆವತ್ತು ತೋರಿಸ್ತೀನಿ.”

ಹೆಸರುಗಳನ್ನು ಫೈಲಿನಲ್ಲಿ ಉಳಿಸುವುದನ್ನು ಸೊಸೆ ಮುಂದಿನ ವಾರ ಕಲಿತಳು. ‘ಮುಗಿಸು’ ಎಂಬುದನ್ನು ಒತ್ತಿದರೆ ಎಲ್ಲವೂ ಫೈಲಿಗೆ ಹೋಗುತ್ತಿತ್ತು, ಮತ್ತೆ ತೆರೆದಾಗ ಅಲ್ಲಿಂದ ಬರುತ್ತಿತ್ತು. ಅವಳು ಕೂತು ನೋಡಿದಾಗ ಎಲ್ಲ ಸರಿಯಾಗಿತ್ತು. ನಡುವೆ ಮಾವ ಕಾಫಿ ಕೇಳಿದರು. “ನೀನು ಏಳಬೇಡ, ಒಲೆ ಮೇಲೆ ನೀರಿಡ್ತೀನಿ,” ಎಂದು ಅತ್ತೆ ಎದ್ದರು. ಪ್ಲಗ್ಗು ಮುಟ್ಟಲಿಲ್ಲ.

“ಇನ್ನು ನಿಮ್ಮನ್ನ ಮರೆಯಲ್ಲ ಅತ್ತೆ, ಹಾಕಿ ನೋಡಿ,” ಎಂದು ಮರುದಿನ ಅವರನ್ನು ಕೂರಿಸಿ, ಸೊಸೆ ಒಣಗಿದ ಬಟ್ಟೆ ತರಲು ಮಹಡಿಗೆ ಹೋದಳು. ಇಳಿದು ಬರುವಷ್ಟರಲ್ಲಿ ಕೆಟಲ್ ಕುದಿಯುತ್ತಿತ್ತು, ಅತ್ತೆ ಲೋಟ ಜೋಡಿಸುತ್ತಿದ್ದರು. ಆ ಮಾರನೆಯ ದಿನ ಪ್ರೋಗ್ರಾಂ ಕೇಳಿತು: ನೀವು ಯಾರು?

ಇನ್ನೊಂದು ದಿನವೂ ಹಾಗೇ ಆಯಿತು. ಪಾಠ ಒಪ್ಪಿಸುವ ದಿನ ಹತ್ತಿರ ಬಂದು ಸೊಸೆಯ ತಲೆ ಬಿಸಿಯಾಗಿತ್ತು. “ನೀವೇ ಏನೋ ತಪ್ಪು ಒತ್ತುತ್ತೀರಿ ಅತ್ತೆ. ನನಗೆ ಸರಿಯಾಗೇ ಬರುತ್ತಲ್ಲ?”

“ಇರಬಹುದು ಕಣೇ,” ಎಂದರು ಅತ್ತೆ. “ನನಗೆಲ್ಲಿ ಹತ್ತುತ್ತೆ ಇದೆಲ್ಲ.” ಹುರಳಿಕಾಯಿಯ ಬುಟ್ಟಿ ಹತ್ತಿರಕ್ಕೆಳೆದುಕೊಂಡರು. ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂರಲಿಲ್ಲ. ಇನ್ನೊಮ್ಮೆ ಕೂರಿಸಬೇಕು, ಪಕ್ಕದಲ್ಲೇ ನಿಂತು ನೋಡಬೇಕು ಎಂದು ಸೊಸೆ ದಿನವೂ ಅಂದುಕೊಂಡಳು. ದಿನವೂ ಏನಾದರೊಂದು ಕೆಲಸ ಇರುತ್ತಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದ ಅತ್ತೆ ಬಚ್ಚಲಲ್ಲೇ ಕುಸಿದರು. ಆಸ್ಪತ್ರೆಗೆ ಹೋದವರು ಜೀವಂತವಾಗಿ ಮರಳಲಿಲ್ಲ.

ಬಹಳ ದಿನಗಳ ನಂತರ ಸೊಸೆ ಲ್ಯಾಪ್‌ಟಾಪು ಹಿಡಿದು ಕ್ಲಾಸಿಗೆ ಹೋಗಿ ಪ್ರೋಗ್ರಾಂ ತೋರಿಸಿದಳು. ಟೀಚರ್ ತಮ್ಮ ಹೆಸರು ಒತ್ತಿದರು. ಒತ್ತಿ, ಬಗ್ಗಿ, ಗೋಡೆಯಿಂದ ವೈರು ಕಿತ್ತರು. ಮತ್ತೆ ಚುಚ್ಚಿ ತೆರೆದು ಅದೇ ಹೆಸರು ಒತ್ತಿದಾಗ ಅದು ಕೇಳಿತು: ನೀವು ಯಾರು?

“ನೋಡಿದ್ರಾ? ಹೆಸರು ಕೊಟ್ಟ ಕೂಡಲೇ ಬರೆದುಕೊಳ್ಳಬೇಕು, ಕೊನೇವರೆಗೆ ಕಾಯಬಾರದು,” ಎಂದರು ಟೀಚರ್. “ಎಲ್ಲರೂ ಮುಗಿಸು ಒತ್ತಿಯೇ ಏಳ್ತಾರೆ ಅಂತ ಯಾರಮ್ಮ ಹೇಳಿದ್ದು ನಿಮಗೆ?”

ಸೊಸೆ ನೆಲದ ಮೇಲಿನ ವೈರು ನೋಡುತ್ತಾ ಕೂತಳು. ಅತ್ತೆ ಏನನ್ನೂ ತಪ್ಪಾಗಿ ಒತ್ತಿರಲಿಲ್ಲ. ಒಳಗಿಂದ ಕಾಫಿಗೆ ಕೂಗು ಬಂದಿತ್ತು, ವೈರು ಕಿತ್ತು ಕೆಟಲ್ ಹಾಕಿದ್ದರು, ಅಷ್ಟೇ. ಕೂತ ಕೆಲಸವನ್ನು ಮುಗಿಸಿ ಏಳುವ ಅಭ್ಯಾಸ ಅವರಿಗೆ ಯಾವಾಗ ಇತ್ತು? ತಾನು ‘ಮುಗಿಸು’ ಒತ್ತುವವರೆಗೆ ಕೂರಲು ಆಗಿದ್ದೇ ತನ್ನ ಬದಲು ಅವರು ಎದ್ದದ್ದರಿಂದ.

ಮನೆಗೆ ಬಂದು, ಹೆಸರನ್ನು ಫೈಲಿಗೆ ಬರೆಯುವ ಸಾಲುಗಳನ್ನು ಮೇಲಕ್ಕೆ, ಹೆಸರು ಕೇಳುವ ಜಾಗದ ಕೆಳಗೇ ತಂದಳು. ಇದ್ದದ್ದು ಎರಡೇ ಸಾಲು. ತನ್ನ ಹೆಸರು ಕೊಟ್ಟು ವೈರು ಕಿತ್ತಳು, ಚುಚ್ಚಿದಳು, ಮತ್ತೆ ಹೆಸರು ಕೊಟ್ಟಳು. ‘ಮತ್ತೆ ಬಂದಿರಾ, ಬನ್ನಿ ಬನ್ನಿ.’

ಮಾವ ಬಾಗಿಲಲ್ಲಿ ನಿಂತಿದ್ದರು. “ಕಾಫಿ…”

“ಮಾವ, ಅತ್ತೆಗೆ ಕಾರ್ಖಾನೆಯಲ್ಲಿ ಏನೋ ಹೆಸರಿಟ್ಟಿದ್ರಂತೆ. ಏನದು?”

ಮಾವ ಯೋಚಿಸಿದರು. “ಗುಂಡಿ ಹೊಲೀತಿದ್ಳು ಅಂತ ಗೊತ್ತು. ಹೆಸರು… ನಾನು ಇವಳೇ ಅಂತಲೇ ಕರೀತಿದ್ದದ್ದು.” ಪ್ಲಗ್ಗಿಗೆ ಕೈ ಚಾಚಿದರು.

“ಒಲೆ ಮೇಲಿಡಿ ಮಾವ.”

ಅವರು ಕಾಫಿಪುಡಿಗಾಗಿ ಒಂದೊಂದೇ ಡಬ್ಬಿ ತೆರೆದು ಮೂಸತೊಡಗಿದರು. ಸೊಸೆ ಹೊಸಬರ ಜಾಗದಲ್ಲಿ ‘ಅತ್ತೆ’ ಎಂದು ಒತ್ತಿದಳು. ಸ್ವಲ್ಪ ಹೊತ್ತು ನೋಡಿದಳು. ಅದು ತಾನು ಕರೆಯುತ್ತಿದ್ದ ಹೆಸರು, ಅವರು ಕೊಟ್ಟದ್ದಲ್ಲ. ಒಂದೊಂದೇ ಅಕ್ಷರ ಅಳಿಸಿ, ಜಾಗವನ್ನು ಖಾಲಿ ಬಿಟ್ಟಳು.