ಗಾಜಿಗೆ ಅಂಟಿದ ಮೀನು

ಹೊನ್ನಾವರದ ಅಳಿವೆಯಲ್ಲಿ ಸಿಗಡಿ ಬಲೆಗೆ ಬಿದ್ದಿದ್ದ ಬೆರಳುದ್ದದ ಮೀನೊಂದನ್ನು ಅಲ್ಲಿಯ ನೀರು, ಮರಳಿನ ಸಮೇತ ಮನೆಗೆ ತಂದು ಗಾಜಿನ ತೊಟ್ಟಿಯಲ್ಲಿ ಬಿಟ್ಟಿದ್ದೆ. ತೊಟ್ಟಿಯ ನೀರಿಗೆ ಗಾಳಿ ಊದುವ ಮೋಟಾರು ಕೂರಿಸಲು ಕುಮಟೆಯಿಂದ ಬಂದ ಅಂಗಡಿಯವನು ಬಗ್ಗಿ ನೋಡಿದ.

“ಇದೆಂತ ಅಕ್ಕಾ, ಕಾಣೆ ಮೀನಿನ ಮರಿಯಾ? ಸಾರಿಗೂ ಸಾಲೂದಿಲ್ಲ.”

“ಕಾಣೆಯಲ್ಲ, ಗೋಬಿ ಅಂತ ಬೇರೆ ಜಾತಿ. ಪುಸ್ತಕ ಓದಿಯೇ ಹೇಳ್ತಿದ್ದೇನೆ.”

“ಗೋಬಿಯಾ? ಹಾಗಾದ್ರೆ ಮಂಚೂರಿ ಮಾಡಿ!”

ಬುಟ್ಟಿ ಹೊತ್ತು ಮೀನು ಮಾರಿಯೇ ಮನೆ ಕಟ್ಟಿದವಳು ನಾನು. ಸಿಟ್ಟು ಬಂತು. ಗೋಬಿಯ ಹೊಟ್ಟೆಯಡಿಯ ಎರಡು ರೆಕ್ಕೆಗಳು ಕೂಡಿಕೊಂಡು ಬಟ್ಟಲಿನಂತಿರುತ್ತವೆ, ಕಾಣೆಗೆ ಹಾಗಿಲ್ಲ. ಅದನ್ನು ತೋರಿಸಿಯೇ ಬಿಡೋಣವೆಂದು ನೀರಿಗೆ ಕೈ ಹಾಕಿ, ಮೀನನ್ನು ಮೂಲೆಗೆ ಒತ್ತಿ ಹಿಡಿದೆ. ಹೆಬ್ಬೆರಳಿನ ಕೆಳಗೆ ಅದರ ಕಿವಿರು ಬಡಿದುಕೊಂಡಿತು. ಇಷ್ಟು ವರ್ಷ ನನ್ನ ಕೈಗೆ ಬಂದ ಮೀನುಗಳೆಲ್ಲ ಸತ್ತವೇ ಎಂಬುದು ಆಗ ಹೊಳೆಯಿತು. ಬಿಟ್ಟುಬಿಟ್ಟೆ. ಅದು ಮರಳಿನೊಳಗೆ ಹೂತುಕೊಂಡಿತು.

“ಸೋತ್ರಿ ಅಕ್ಕಾ,” ಎಂದ.

“ಕೂತ್ಕೊ, ಚಾ ಕುಡಿ,” ಎಂದೆ.

ಬದುಕಿದೆಯೋ ಇಲ್ಲವೋ ಎಂದು ಮರಳನ್ನೇ ನೋಡುತ್ತ ಕೂತೆ. ನನ್ನ ಚಾ ಆರಿತು. ಕೊನೆಗೆ ಮೀನು ಮೆಲ್ಲಗೆ ಎದ್ದು ಬಂದು, ಗಾಜಿಗೆ ಹೊಟ್ಟೆಯೊತ್ತಿ ಅಂಟಿಕೊಂಡಿತು. ರೆಕ್ಕೆಗಳ ಬಟ್ಟಲು ನಮ್ಮಿಬ್ಬರಿಗೂ ಕಂಡಿತು.

“ಆತು ಅಕ್ಕಾ,” ಎಂದು ಅವನು ಮೋಟಾರಿನ ಕಡೆ ತಿರುಗಿದ.

ಮಾರನೆಯ ದಿನ ಪೇಟೆಯಲ್ಲಿ, ಮೀನು ತಾಜಾ ಎಂದು ಗಿರಾಕಿಗಳಿಗೆ ಎಂದಿನಂತೆ ಕಿವಿರು ಎತ್ತಿಯೇ ತೋರಿಸಿದೆ. ಮೀನು ತಾನಾಗಿ ತೋರಿಸಲೆಂದು ಕಾಯುವ ಗಿರಾಕಿ ಅಲ್ಲಿಲ್ಲ.